ಇಳಕಲ್ಲಿನ ಗುರುಸಿದ್ದಪ್ಪ ಮತ್ತು ನನ್ನ ಚಪ್ಪಾಳೆ

ಡೋಲಕ್ ಬಾರಿಸುವಾಗ ಗುರುಸಿದ್ದಪ್ಪನ ಕಾಲುಗಳು ಸುಮ್ಮನಿರುತ್ತಿರಲಿಲ್ಲ. ಹಗಲೆಲ್ಲ ಇಳಕಲ್ಲಿನ ಮಗ್ಗದಲ್ಲಿ ಹಲಗೆ ತುಳಿಯುವ ಕಾಲುಗಳು ವೇದಿಕೆಯ ಮೇಲೂ ಒಂದಾದ ಮೇಲೊಂದು ಏಳುತ್ತಿದ್ದವು. ಐದು ಜನರ ತಂಡದಲ್ಲಿ ಗಿಟಾರು, ಹಾರ್ಮೋನಿಯಂ, ಕೀಬೋರ್ಡು ಇದ್ದರೂ ಹಾಡು ಎಲ್ಲಿಗೆ ಹೋಗಬೇಕೆಂದು ತೋರಿಸುತ್ತಿದ್ದುದು ಆ ಕಾಲುಗಳೇ.

ನಾನು ಸೀಟಿ ಊದಿಯೇ ನಿವೃತ್ತನಾದ ದೈಹಿಕ ಶಿಕ್ಷಕ. ಹುನಗುಂದದಿಂದ ಬಸ್ಸು ಹಿಡಿದು ಅವರ ಒಂದು ಕಾರ್ಯಕ್ರಮವನ್ನೂ ತಪ್ಪಿಸಲಿಲ್ಲ. ಪ್ರತಿ ಹಾಡು ಶುರುವಾದ, ಮುಗಿದ ಸಮಯವನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಒಂದೇ ಹಾಡು ಬಾದಾಮಿಯಲ್ಲಿ ಹನ್ನೆರಡು ನಿಮಿಷ, ಇಳಕಲ್ಲಿನಲ್ಲಿ ಇಪ್ಪತ್ತಾರು. ಇದೆಂಥ ಶಿಸ್ತು ಎಂದು ಕೇಳಿದರೆ ಗುರುಸಿದ್ದಪ್ಪ ಸೀರೆಯ ಮಾತೆತ್ತುತ್ತಿದ್ದ: "ಸೆರಗಿನ ಎಳಿಗೆ ಒಡಲಿನ ಎಳಿ ಕೊಂಡಿ ಹಾಕ್ತೇವಲ್ರಿ ಸರ, ಹಂಗ. ಒಂದ ಹಾಡಿಗೆ ಇನ್ನೊಂದರ ಕೊಂಡಿ ಬೀಳೂತನಕ ಕಾಯಬೇಕು. ಗಡಿಯಾರ ನೋಡಿ ಬೀಳೂದಿಲ್ಲ ಅದು."

ಒಮ್ಮೆ ಬಾಗಲಕೋಟೆ ವಿದ್ಯಾಗಿರಿಯ ಸಭಾಂಗಣದಲ್ಲಿ ಎರಡು ಹಾಡುಗಳ ನಡುವೆ ವಾದ್ಯಗಳೆಲ್ಲ ತಣ್ಣಗಾದವು. ಮುಗಿಯಿತೆಂದು ನಾನೊಬ್ಬನೇ ಎದ್ದು ನಿಂತು ಕವಾಯತಿನ ಲೆಕ್ಕದಲ್ಲಿ ಚಪ್ಪಾಳೆ ತಟ್ಟಿದೆ. ಸಭೆ ನಕ್ಕಿತು. ಗುರುಸಿದ್ದಪ್ಪ ಮೈಕಿಗೆ ಬಗ್ಗಿ, "ಸರ, ಇನ್ನೂ ಮುಗಿದಿಲ್ರಿ. ಆದ್ರ ನೀವು ನಿಲ್ಲಸಬ್ಯಾಡ್ರಿ," ಎಂದು ನನ್ನ ಚಪ್ಪಾಳೆಯ ಮೇಲೆಯೇ ಡೋಲಕ್ ಹತ್ತಿಸಿದ. ಗಿಟಾರು ಸೇರಿತು. ಕೈ ಕೆಂಪಾಗುವವರೆಗೆ ತಟ್ಟಿದೆ.

ಕಳೆದ ವರ್ಷ ಅವನ ಬಲ ಮಣಿಕಟ್ಟು ಸೋತಿತು. ಮಗ್ಗ ಇಲ್ಲವೇ ಡೋಲಕ್, ಒಂದನ್ನು ಬಿಡಲೇಬೇಕೆಂದರು ಡಾಕ್ಟರು. ಮನೆ ನಡೆಯುತ್ತಿದ್ದುದು ಮಗ್ಗದಿಂದ. ಬಾಗಲಕೋಟೆಯಲ್ಲಿ ಕೊನೆಯ ಸಲ ಡೋಲಕ್ಕಿಗೆ ಕೂರುವ ಮುಂಚೆ ನನ್ನ ಬಳಿ ಬಂದು, "ಎರಡು ಹಾಡು ಕೂಡಿಸಿ ಇಳದರ ಸಾಕ್ರಿ ಸರ," ಎಂದ.

ಮೊದಲನೆಯ ಹಾಡು ದಾಟಿತು. ಕೂಡಿಸುವ ಜಾಗದಲ್ಲಿ ಬಲಗೈ ನಿಂತುಬಿಟ್ಟಿತು. ಕಾಲುಗಳು ಮಾತ್ರ ಏಳುತ್ತಿದ್ದವು. ಅವನು ಮೊದಲ ಸಾಲಿನಲ್ಲಿದ್ದ ನನ್ನನ್ನು ನೋಡಿದ. ನಾನು ಎದ್ದೆ, ಆ ಕಾಲುಗಳನ್ನೇ ನೋಡುತ್ತ ಚಪ್ಪಾಳೆ ಹಾಕಿದೆ. ಸಭೆಯೂ ಎದ್ದಿತು. ನಮ್ಮ ಚಪ್ಪಾಳೆಯ ಮೇಲೆ ಎರಡನೆಯ ಹಾಡು ಹತ್ತಿತು.

ಕೆಳಗಿಳಿದವನು, "ಕೊಂಡಿ ಬಿತ್ತಲ್ರಿ," ಎಂದಷ್ಟೇ ಹೇಳಿ ಡೋಲಕ್ಕಿಗೆ ಗವಸು ಹಾಕಿದ.

ಈಗ ಬೇರೊಬ್ಬರು ಬಾರಿಸುತ್ತಾರೆ, ಚೆನ್ನಾಗಿಯೇ ಬಾರಿಸುತ್ತಾರೆ. ಅವರ ಕಾಲುಗಳು ಸುಮ್ಮನಿರುತ್ತವೆ. ನಾನು ಎಂದಿನಂತೆ ಸಮಯ ಬರೆಯುತ್ತೇನೆ. ಗುರುಸಿದ್ದಪ್ಪನ ಆ ಸಂಜೆಯ ಪುಟದಲ್ಲಿ ಮಾತ್ರ ಹಾಡು ಶುರುವಾದ ಸಮಯವಿದೆ, ಮುಗಿದದ್ದಿಲ್ಲ. ಬರೆಯಲು ಕೈಗೆ ಬಿಡುವಿರಲಿಲ್ಲ.