ಬಚ್ಚಲುಮನೆಯಲ್ಲಿ ಫೋಟೋ ತೊಳೆಯುತ್ತಿದ್ದವರು

ದೇವನಹಳ್ಳಿಯಲ್ಲಿ ನಮ್ಮ ಮುಂದಿನ ಕೋಣೆಗೆ ಅವರು ಬಾಡಿಗೆಗೆ ಬಂದಾಗ ಬೆಂಗಳೂರಿನ ಕಾಲೇಜಿನಲ್ಲಿ ಗಿಡಮರಗಳ ವಿಷಯ ಓದುತ್ತಿದ್ದರು. ಗಿಡಮರ ನೋಡುವುದಕ್ಕೂ ಪರೀಕ್ಷೆ ಇದೆಯೆಂದು ನನಗೆ ಆಗಲೇ ಗೊತ್ತಾದದ್ದು. ಓದು ಮುಗಿದ ಮೇಲೆ ಮೇಷ್ಟರ ಕೆಲಸ ಬೇಡವೆಂದು ಕ್ಯಾಮೆರಾ ಹಿಡಿದು ಪೇಪರ್ ಆಫೀಸಿಗೆ ಹೋದರು. ಆಳು ಒಣಕಲು. ಎದುರಿಗೆ ಕೋಳಿ ಬಂದರೂ “ಸ್ವಲ್ಪ ಅಲ್ಲಾಡ್ಬೇಡಿ” ಎನ್ನುತ್ತಿದ್ದರು. ಕೋಳಿಗೂ ಬಹುವಚನ!

ಒಮ್ಮೆ ನಮ್ಮೂರ ಹತ್ತಿರದ ಚನ್ನರಾಯಪಟ್ಟಣಕ್ಕೆ ಮಂತ್ರಿ ಬಂದರು. ಆ ಫೋಟೋ ಚೆನ್ನಾಗಿ ಬಂದರೆ ಕೆಲಸ ಖಾಯಂ ಎಂದು ಆಫೀಸಿನವರು ಹೇಳಿದ್ದರು. ಇವರು ಫೋಟೋ ತೆಗೆದು ಬಂದು, ಕತ್ತಲಾಗಲೆಂದು ನಮ್ಮ ಬಚ್ಚಲುಮನೆಯ ಕಿಟಕಿಗೆ ಕಂಬಳಿ ಕಟ್ಟಿ, ಒಳಗೆ ರೀಲು ತೊಳೆಯಲು ಕೂತರು. ಹೊರಗೆ ನಮ್ಮ ಮಾವನವರು ಸ್ನಾನಕ್ಕೆ ಕಾದು ಕಾದು ಕೆಂಡವಾದರು.

“ಏನಪ್ಪಾ, ಮಂತ್ರಿಗೆ ಎಣ್ಣೆ ಹಚ್ಚಿ ನೀರು ಹಾಕ್ತಿದ್ದೀಯಾ? ನನ್ನ ಪೂಜೆ ಹೊತ್ತು ಮೀರೋಯ್ತು!” ಎನ್ನುತ್ತಾ ಬಾಗಿಲು ತಳ್ಳಿಯೇಬಿಟ್ಟರು. ಬೆಳಕು ಬಿದ್ದು ಮಂತ್ರಿಯ ಫೋಟೋಗಳೆಲ್ಲ ಹಾಳಾದವು.

ಅವರ ಚೀಲದಲ್ಲಿ ಇನ್ನೊಂದು ರೀಲಿತ್ತು. ಅದರಲ್ಲಿದ್ದದ್ದು ದಾರಿಯಲ್ಲಿ ಕೆರೆ ಏರಿಯ ಜಾಲಿಮರದಲ್ಲಿ ಗೂಡು ನೇಯುತ್ತಿದ್ದ ಗೀಜಗ ಹಕ್ಕಿಗಳು. ಬೇರೆ ದಾರಿಯಿಲ್ಲದೆ ಅದನ್ನೇ ತೊಳೆದು ಆಫೀಸಿಗೆ ಒಯ್ದರು. ಮರುದಿನ ಸಂಜೆ ನಗುತ್ತಾ ಬಂದರು.

“ಅಕ್ಕಾ, ಮೊದ್ಲು ಚೆನ್ನಾಗಿ ಬೈದ್ರು. ಆಮೇಲೆ ಗೀಜಗ ನೋಡಿ, ಇಂಥವೇ ತಗೊಂಡ್ಬಾ, ಕೆಲಸ ನಿಂದೇ ಅಂದ್ರು!”

ಅಂದಿನಿಂದ ಮಾವನವರು ಬಚ್ಚಲ ಬಾಗಿಲಲ್ಲಿ ನಿಂತು, “ಒಳಗಿರೋದು ಮಂತ್ರೀನೋ ಹಕ್ಕೀನೋ?” ಎಂದು ಕೂಗಿ ಕೇಳುತ್ತಿದ್ದರು. ಹಕ್ಕಿ ಎಂದರೆ ಹೆಗಲಿಗೆ ಟವೆಲ್ ಹಾಕಿಕೊಂಡು ತೆಪ್ಪಗೆ ಕಾಯುತ್ತಿದ್ದರು.