ಯಾರ ಹೆಸರಿನಲ್ಲಿ ಅರ್ಚನೆ

ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದಾಗ ಫೋನು ಬಂತು. ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಮಗಳು.

“ಅಮ್ಮ, ಬದುಕ್ತು ಕಣಮ್ಮ. ನಿನ್ನ ಬೇಲೂರಿನ ದೇವರಿಗೆ ಹೇಳು.”

ಹಲವು ತಿಂಗಳಿಂದ ‘ಅದು ಬದುಕ್ತಾನೇ ಇಲ್ಲ’ ಎಂದು ಫೋನಿನಲ್ಲಿ ಕೊರಗುತ್ತಿದ್ದಳು. ಏನೋ ಔಷಧಿ ಇರಬೇಕೆಂದುಕೊಂಡು, ಅದು ಬದುಕಿದರೆ ಅರ್ಚನೆ ಮಾಡಿಸುತ್ತೇನೆಂದು ನಾನು ಚೆನ್ನಿಗರಾಯನಿಗೆ ಹರಕೆ ಹೊತ್ತಿದ್ದೆ. ನಮ್ಮ ಹಳೇಬೀಡಿನಿಂದ ಬೇಲೂರಿಗೆ ಬಸ್ಸಿಗೇನು ಬರವಿಲ್ಲ.

“ಅದು ಅಂದ್ರೆ ಏನೇ?”

“ಫ್ಲೂ ವೈರಸ್ಸು. ಮೊದಲೆಲ್ಲ ಎರಡು ವೈರಸ್ಸನ್ನ ಕೋಳಿಮೊಟ್ಟೆಯೊಳಗೆ ಬಿಟ್ಟು, ಬೇಕಾದ್ದು ಹುಟ್ಟಲಿ ಅಂತ ಕಾಯ್ತಿದ್ರು. ಈಗ ಅದರ ಎಂಟು ಜೀನನ್ನೂ ನಾವೇ ಬೇರೆಬೇರೆಯಾಗಿ ಮಾಡ್ಕೊಂಡು, ಕೇಡು ಮಾಡೋ ಭಾಗ ತಿದ್ದಿ, ಜೀವಕೋಶದೊಳಗೆ ಹಾಕ್ತೀವಿ. ಎಂಟೂ ಕೂಡಿಕೊಂಡ್ರೆ ವೈರಸ್ಸು ಎದ್ದುಬರುತ್ತೆ. ಲಸಿಕೆಗೆ ಅದೇ ಬೀಜ.”

ನಾನು ಗೋಡೆಗೆ ಒರಗಿದೆ. ಅವಳು ಹೈಸ್ಕೂಲಿನಲ್ಲಿದ್ದಾಗ ಅವಳ ತಮ್ಮನಿಗೆ ಬಂದದ್ದೂ ಫ್ಲೂ. ಜ್ವರ ಎದೆಗಿಳಿದು ಅರಸೀಕೆರೆಯ ಆಸ್ಪತ್ರೆಯಲ್ಲಿ ತೀರಿಕೊಂಡ. ಕೊನೆಯ ಗುಟುಕು ನೀರನ್ನು ನನ್ನ ಕೈಯಿಂದಲೇ ಕುಡಿದ. ಅಷ್ಟನ್ನು ದೇವರು ನನಗೆ ಕೊಟ್ಟ. ಮಗಳು ಮಾತ್ರ ಅಂದೂ ಅಳಲಿಲ್ಲ, ಆಮೇಲೂ ಅಳಲಿಲ್ಲ. ಆ ದುಃಖ ಅವಳೊಳಗೇ ಗಂಟುಕಟ್ಟಿ ಉಳಿದುಬಿಡುತ್ತದೇನೋ ಎಂಬ ಹೆದರಿಕೆ ನನ್ನನ್ನು ಬಿಟ್ಟಿರಲಿಲ್ಲ.

“ಅವನನ್ನ ತಗೊಂಡುಹೋದ ಜಾತೀನೇ ಅಲ್ವೇನೇ ಅದು?”

“ಅದೇ ಕಣಮ್ಮ. ಅದಕ್ಕೇ ಈ ಕೆಲಸ ಹಿಡಿದಿದ್ದು.”

ಇಂಥದ್ದರ ಜೀವಕ್ಕೆ ಹರಕೆ ಹೊತ್ತೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಆದರೂ ಹೊತ್ತದ್ದನ್ನು ತೀರಿಸದೆ ಬಿಡುವಂತಿಲ್ಲ.

“ಅರ್ಚಕರು ಹೆಸರು, ಗೋತ್ರ, ನಕ್ಷತ್ರ ಕೇಳ್ತಾರೆ. ಏನ್ ಹೇಳ್ಲಿ?”

“ವೈರಸ್ಸಿಗೆ ಗೋತ್ರ ಗೊತ್ತಿಲ್ಲ ಸ್ವಾಮಿ ಅನ್ನು,” ಎಂದು ನಕ್ಕಳು. ಆಮೇಲೆ ಮೆಲ್ಲಗೆ, “ತಮ್ಮನ ಹೆಸರಲ್ಲಿ ಮಾಡ್ಸಮ್ಮ,” ಎಂದಳು.

“ಹೋದವರ ಹೆಸರಲ್ಲಿ ಅರ್ಚನೆ ಮಾಡ್ಸಲ್ಲ ಕಣೇ.”

ಆ ಕಡೆಯಿಂದ ಅಳು ಕೇಳಿಸಿತು, ಮೊದಲು ಸಣ್ಣಗೆ, ಆಮೇಲೆ ತಡೆಯಿಲ್ಲದೆ. ಅಳಬೇಡ ಎನ್ನಲು ನನಗೆ ಮನಸ್ಸಾಗಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡೇ ಕೂತೆ. ಇಷ್ಟು ವರ್ಷಕ್ಕಾದರೂ ಅತ್ತಳಲ್ಲ, ಅದೂ ನನ್ನ ಕಿವಿಗೆ ಬೀಳುವ ಹಾಗೆ. ದೇವರ ದಯೆ ಎಂದುಕೊಂಡೆ.

“ನಿನ್ನ ಹೆಸರಲ್ಲೇ ಮಾಡಿಸ್ತೀನಿ ಬಿಡು,” ಎಂದೆ.

“ಹೂಂ,” ಎಂದಳು.

ಫೋನಿಟ್ಟು ಮುಖ ತೊಳೆದುಕೊಂಡು, ಆರಿದ ಹಾಲಿಗೆ ಹೆಪ್ಪು ಹಾಕಲು ಒಳಗೆ ಹೋದೆ.