ಕಾಶಿ ಅತ್ತಿಯ ಉಂಡಿ

ಹುರಿದ ಶೇಂಗಾವನ್ನು ಬೆಲ್ಲದ ಜೊತೆ ಕುಟ್ಟುವಾಗ ಏಳುವ ವಾಸನೆ ನಿಮಗೂ ಗೊತ್ತಿದ್ದೀತು. ಪಂಚಮಿ ಬಂದರೆ ನಾನು ಉಂಡಿ ಕಟ್ಟುತ್ತೇನೆ, ಆದರೆ ತಿನ್ನುವುದಿಲ್ಲ. ಈ ಪಂಚಮಿಗೂ ಮರಾಠಿ ಸೀಮೆಯ ನಿಗಡಿಯಲ್ಲಿ, ಮಗನ ಮನೆಯಲ್ಲಿ ಕಟ್ಟಿದೆ. ಡಬ್ಬಿ ತುಂಬಿಕೊಂಡು ಮಗ, ಮೊಮ್ಮಗಳ ಜೊತೆ ಹಾವಿನ ಉದ್ಯಾನಕ್ಕೆ ಹೋದೆ. "ಕಲ್ಲಿನ ನಾಗಪ್ಪಗ ಕೈ ಮುಗೀತಿ, ಇವತ್ತ ಜೀವಂತ ಇದ್ದದ್ದು ನೋಡು ಬಾ ಅಜ್ಜಿ" ಎಂದು ಮೊಮ್ಮಗಳು ಎಳೆದುಕೊಂಡು ಹೋದಳು. ಮೊದಲು ಮೊಸಳೆ ಕಂಡಿತು. "ನಿಮ್ಮಪ್ಪನಂಗ ಬಾಯಿ ತಕ್ಕೊಂಡು ಮಲಗ್ಯದ ನೋಡು" ಎಂದೆ. ಮಗನೂ ನಕ್ಕ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಒಂದು ಗಾಜಿನ ಪೆಟ್ಟಿಗೆಯಲ್ಲಿ ಕಪ್ಪು ಮೈಯ, ಬಿಳಿ ಗೆರೆಯ ಸಣ್ಣ ಹಾವು ಸುತ್ತಿಕೊಂಡು ಬಿದ್ದಿತ್ತು. ಮರಾಠಿ ಫಲಕವನ್ನು ಮೊಮ್ಮಗಳು ಓದಿ ಹೇಳಿದಳು. "ಇದು ಮಣ್ಯಾರ ಅಂತ, ಅಜ್ಜಿ. ನೆಲದ ಮ್ಯಾಲೆ ಮಲಗಿದವರಿಗೆ ನಿದ್ದ್ಯಾಗ ಕಡೀತದಂತ. ನೋವು ಆಗಂಗಿಲ್ಲಂತ, ಗುರುತೂ ಕಾಣಂಗಿಲ್ಲಂತ. ಮುಂಜಾನೆ ಹೊಟ್ಟಿ ನೋವು ಬರ್ತದ, ಆಮ್ಯಾಲೆ ಕಣ್ಣಿನ ರೆಪ್ಪಿ ಏಳಂಗಿಲ್ಲ, ಮಾತು ತೊದಲತದಂತ." ನಾನು ಗಾಜಿಗೆ ಕೈ ಊರಿ ನಿಂತೆ. ಇನ್ನೊಮ್ಮೆ ಓದು ಎಂದೆ. ಓದಿದಳು. ಅದೇ ಇತ್ತು.

ವಿಜಾಪುರದ ಕಡೆ ನಮ್ಮದು ಮಣ್ಣಿನ ಮನೆ. ಈಗ ಅದರ ಒಂದು ಗೋಡೆಯೂ ಇಲ್ಲ. ಪಡಸಾಲೆಯಲ್ಲಿ ಜೋಳದ ಚೀಲ, ಅವುಗಳ ಬದಿಗೆ ಕೌದಿ ಹಾಸಿ ನಾವು ಮಕ್ಕಳು ಸಾಲಾಗಿ ಮಲಗುತ್ತಿದ್ದೆವು. ಅಪ್ಪನ ತಂಗಿ ಕಾಶಿ ಅತ್ತಿಗೆ ಮಕ್ಕಳಿರಲಿಲ್ಲ. ಪಂಚಮಿಗೆ ಅಪ್ಪ ಬಂಡಿ ಕಟ್ಟಿಕೊಂಡು ಹೋಗಿ ಕರೆತರುತ್ತಿದ್ದ. ಬಂದವಳೇ ಸೆರಗು ಸಿಕ್ಕಿಸಿ ಉಂಡಿ ಕಟ್ಟಲು ಕೂಡುತ್ತಿದ್ದಳು. ಅವಳ ಕೈಗೆಲ್ಲ ಯಾಲಕ್ಕಿಯ ವಾಸನೆ. ಉಂಡಿ ಮುರಿದು ದೊಡ್ಡ ಹೋಳನ್ನು ನನ್ನ ತಮ್ಮ ಚನ್ನನ ಬಾಯಿಗೇ ಇಡುತ್ತಿದ್ದಳು. ನನಗೆ ಹೊಟ್ಟೆಕಿಚ್ಚು. ಆ ವರ್ಷವೂ ಹುತ್ತಕ್ಕೆ ಹಾಲೆರೆದು ಬಂದೆವು, ಉಂಡೆವು, ಮಲಗಿದೆವು. ಬೆಳಗ್ಗೆ ಚನ್ನ ಹೊಟ್ಟೆ ಹಿಡಿದುಕೊಂಡು ಅತ್ತ. ಆಮೇಲೆ ಅವನ ರೆಪ್ಪೆ ಏಳಲಿಲ್ಲ, ನಾಲಿಗೆ ಹೊರಳಲಿಲ್ಲ. ಮಧ್ಯಾಹ್ನಕ್ಕೆ ಹೋಗಿಬಿಟ್ಟ. ಅವ್ವ ಮೈಯೆಲ್ಲ ತಿರುವಿ ನೋಡಿದಳು. ಕಚ್ಚಿದ ಗಾಯವಿಲ್ಲ, ಬಾವಿಲ್ಲ. ನೆರೆಮನೆಯ ಮುದುಕಿ ಮೆಲ್ಲಗೆ "ಹುಳ ಮುಟ್ಟಿರಬೇಕು" ಎಂದಳು. ಹಾವಿನ ಹೆಸರು ಎತ್ತುವ ಪದ್ಧತಿ ನಮ್ಮಲ್ಲಿರಲಿಲ್ಲ. ಅಪ್ಪ ಸಿಟ್ಟಿಗೆದ್ದ. "ನಿನ್ನೆರ ಹಾಲೆರದೀವಿ. ನಾಗಪ್ಪನ ಮ್ಯಾಲೆ ಹೊರಸಬ್ಯಾಡ್ರಿ." ಅಲ್ಲಿಗೆ ಆ ಮಾತು ಮುಗಿಯಿತು. ದೇವರ ಮೇಲೆ ಹೊರಿಸದ್ದನ್ನು ಮನುಷ್ಯರ ಮೇಲೆ ಹೊರಿಸಿದರು. "ಮಕ್ಕಳಿಲ್ಲದಾಕಿ ಕೈಯಾಗಿಂದು ತಿಂದಾನ" ಎಂದಳು ಅವ್ವ. ಅತ್ತಿ ಉಳಿದ ಉಂಡಿಗಳಲ್ಲಿ ಒಂದನ್ನು ಎತ್ತಿ ಎಲ್ಲರ ಮುಂದೆ ಪೂರಾ ತಿಂದಳು. ಗಂಟಲಿಗೆ ಸಿಕ್ಕು ಕೆಮ್ಮಿದಳು. ನೀರು ಕೊಡಲು ಯಾರೂ ಏಳಲಿಲ್ಲ. ಮಿಕ್ಕಿದ್ದನ್ನು ಅವ್ವ ತಿಪ್ಪೆಗೆ ಸುರಿದಳು.

ಅಪ್ಪ ಮತ್ತೆ ಅವಳಿಗಾಗಿ ಬಂಡಿ ಕಟ್ಟಲಿಲ್ಲ. ಪ್ರತಿ ಪಂಚಮಿಗೂ ಅತ್ತಿ ಸೀರೆಯ ಗಂಟು ಕಟ್ಟಿಕೊಂಡು ತನ್ನ ಮನೆಯ ಕಟ್ಟೆಯ ಮೇಲೆ ಕೂಡುತ್ತಿದ್ದಳಂತೆ. ಒಂದು ವರ್ಷ ಕೂಡಲಿಲ್ಲ. ಸತ್ತಿದ್ದಳು.

"ಯಾಕವ್ವಾ, ತಲಿ ತಿರುಗ್ತದೇನು?" ಎಂದ ಮಗ. ಹೊರಗೆ ಬೇವಿನ ಮರದ ಕೆಳಗೆ ಕೂತು ಇದೆಲ್ಲ ಹೇಳಿದೆ. "ಈಗ ಯಾರಿಗಿ ಹೇಳೂದವ್ವಾ, ಅವರ್ಯಾರೂ ಉಳದಿಲ್ಲ" ಎಂದ. ನಿಜ. ಅಪ್ಪನಿಲ್ಲ, ಅವ್ವನಿಲ್ಲ, ಅತ್ತಿಯಂತೂ ಇಲ್ಲ. ಇದ್ದದ್ದು ನಾನೊಬ್ಬಳು, ಮತ್ತೆ ಗಾಜಿನೊಳಗೆ ನಿದ್ದೆ ಹೊಡೆಯುತ್ತಿದ್ದ ಆ ಹುಳ. ಡಬ್ಬಿ ತೆಗೆದು ಉಂಡಿ ಮುರಿದೆ. ದೊಡ್ಡ ಹೋಳನ್ನು ಮೊಮ್ಮಗಳಿಗೆ ಕೊಟ್ಟು, ಸಣ್ಣದನ್ನು ನಾನು ಬಾಯಿಗೆ ಹಾಕಿಕೊಂಡೆ. ಶೇಂಗಾ, ಬೆಲ್ಲ, ಒಂದಿಷ್ಟು ಯಾಲಕ್ಕಿ. ಅಂದೂ ಅದರಲ್ಲಿ ಇದ್ದದ್ದು ಇಷ್ಟೇ.